ರಾತ್ರಿ ಹನ್ನೊಂದರ ಗುಂಯ್: ಸದ್ದು ಯಾವ ದಾರಿಯಲ್ಲಿ ಮನೆಯೊಳಗೆ ಬರುತ್ತಿದೆ ಅಂತ ಪತ್ತೆ ಹಚ್ಚುವ ಕೈಪಿಡಿ

ಲಕ್ಷಣ ಹೀಗಿರುತ್ತದೆ. ಹಗಲು ಏನೂ ಗೊತ್ತಾಗಲ್ಲ. ರಾತ್ರಿ ರಸ್ತೆ ತಣ್ಣಗಾದ ಮೇಲೆ ಬೆಡ್‌ರೂಮಿನಲ್ಲಿ ಸಣ್ಣಗೆ 'ಗುಂಯ್' ಅಂತ ಶುರುವಾಗುತ್ತದೆ. ಕಿಟಕಿ ಮುಚ್ಚಿದರೂ ಅಷ್ಟೇ, ತೆಗೆದರೂ ಅಷ್ಟೇ. ಹಾಲ್‌ಗೆ ಬಂದರೆ ಇಲ್ಲ, ರೂಮಿಗೆ ಹೋದರೆ ಮತ್ತೆ ಇದೆ. ಮನೆಯಲ್ಲಿ ಒಬ್ಬರಿಗೆ ಕೇಳಿಸುತ್ತದೆ, ಇನ್ನೊಬ್ಬರು 'ನಿಂಗೆ ಭ್ರಮೆ' ಅಂತಾರೆ. ಆಮೇಲೆ ಗೊತ್ತೇ ಇದೆಯಲ್ಲ, ಗೋಡೆಗೆ ಫೋಮ್ ಅಂಟಿಸುತ್ತಾರೆ, ದಪ್ಪ ಕರ್ಟನ್ ಹಾಕುತ್ತಾರೆ, ಕೈಯಲ್ಲಿ ಸ್ವಲ್ಪ ಕಾಸಿದ್ದರೆ ಕಿಟಕಿಗೆ ಎರಡು ಪದರದ ಗಾಜು ಹಾಕಿಸುತ್ತಾರೆ. ದುಡ್ಡು ಹೋಗುತ್ತದೆ, ಗುಂಯ್ ಹೋಗಲ್ಲ.

ಸದ್ದು ಮನೆಯೊಳಗೆ ಬರೋದಕ್ಕೆ ಮೂರು ದಾರಿ ಇವೆ. ಒಂದು ಗಾಳಿ. ಇನ್ನೊಂದು ಸ್ಲಾಬ್, ಕಂಬ, ಗೋಡೆ, ಅಂದರೆ ಕಟ್ಟಡದ ಮೈ. ಮೂರನೆಯದು ಪೈಪಿನೊಳಗಿನ ನೀರು. ಒಂದು ದಾರಿಗೆ ಇರುವ ಮದ್ದು ಇನ್ನೊಂದಕ್ಕೆ ಕೆಲಸಕ್ಕೆ ಬರಲ್ಲ. ಹಾಗಾಗಿ ಮೊದಲು ದಾರಿ ಗೊತ್ತಾಗಬೇಕು, ಆಮೇಲೆ ಅಂಗಡಿಗೆ ಹೋಗಬೇಕು. ಈ ಬರಹ ಪೂರ್ತಿ ಆ ಪತ್ತೆ ಕೆಲಸದ್ದು.

ಸ್ವಲ್ಪ ಹಿನ್ನೆಲೆ, ಬೋರ್ ಹೊಡೆಸಲ್ಲ

20 ಡಿಗ್ರಿ ಬಿಸಿಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ನೀರಿನಲ್ಲಿ ಸುಮಾರು 1480. ಒಳ್ಳೆ ಕಾಂಕ್ರೀಟಿನಲ್ಲಿ 3500ರಿಂದ 4500. ಉಕ್ಕಿನಲ್ಲಿ 5000ಕ್ಕೂ ಜಾಸ್ತಿ. 'ಗಟ್ಟಿ ವಸ್ತು ಭಾರ ಇರುತ್ತದೆ, ಅದಕ್ಕೇ ವೇಗ ಜಾಸ್ತಿ' ಅಂತ ತುಂಬಾ ಜನ ಹೇಳುತ್ತಾರೆ. ಅದು ತಪ್ಪು. ಸೀಸ ಉಕ್ಕಿಗಿಂತ ಭಾರ, ಆದರೆ ಅದರಲ್ಲಿ ಸದ್ದಿನ ವೇಗ ಉಕ್ಕಿನ ಅರ್ಧಕ್ಕಿಂತಲೂ ಕಡಿಮೆ. ವೇಗ ಕೊಡೋದು ಬಿಗಿತನ. ತಳ್ಳಿದರೆ ಎಷ್ಟು ಬೇಗ ವಾಪಸ್ ತಳ್ಳುತ್ತದೆ ಅನ್ನೋದು. ಭಾರ ಜಾಸ್ತಿ ಇದ್ದಷ್ಟೂ ವೇಗ ಕಡಿಮೆಯೇ ಆಗುತ್ತದೆ.

ಆದರೆ ನಮ್ಮ ಕೆಲಸಕ್ಕೆ ವೇಗಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಸದ್ದಿನ ಗತಿ ಏನಾಗುತ್ತದೆ? ಬಾವಿಯಲ್ಲೋ ಕೆರೆಯಲ್ಲೋ ಈಜಿದವರಿಗೆ ಇದು ಗೊತ್ತಿರುತ್ತದೆ. ಮುಳುಗಿದಾಗ ದಡದಲ್ಲಿ ನಿಂತು ಅಮ್ಮ ಎಷ್ಟು ಕೂಗಿದರೂ ಸರಿಯಾಗಿ ಕೇಳಲ್ಲ. ಅದೇ ಯಾರಾದರೂ ನೀರೊಳಗೆ ಎರಡು ಕಲ್ಲು ಕುಟ್ಟಿದರೆ ಕಿವಿ ಪಕ್ಕದಲ್ಲೇ ಕುಟ್ಟಿದಂತೆ ಕೇಳುತ್ತದೆ. ಗಾಳಿಯಲ್ಲಿ ಹುಟ್ಟಿದ ಸದ್ದು ನೀರಿಗೆ ಬಡಿದಾಗ ಅದರ ಶಕ್ತಿಯಲ್ಲಿ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ಉಳಿದದ್ದೆಲ್ಲ ವಾಪಸ್. ನೀರೊಳಗೇ ಹುಟ್ಟಿದ ಸದ್ದಿಗೆ ದಾಟುವ ಗೋಜೇ ಇಲ್ಲ.

ಕಟ್ಟಡದಲ್ಲೂ ಇದೇ ಕತೆ. ಪಕ್ಕದ ಮನೆಯವರು ಜೋರಾಗಿ ಮಾತಾಡಿದರೆ ಅದು ಗಾಳಿಯಲ್ಲಿ ಹುಟ್ಟಿದ್ದು. ಭಾರವಾದ ಗೋಡೆ ಸಿಕ್ಕಿದ ಕೂಡಲೇ ಬಹುಪಾಲು ವಾಪಸ್ ಹೋಗುತ್ತದೆ. ಆದರೆ ಮೇಲಿನ ಮನೆಯಲ್ಲಿ ಕುರ್ಚಿ ಎಳೆದರೆ, ಕೆಳಗೆ ಸಂಪಿನ ಹತ್ತಿರ ಮೋಟರ್ ನಡುಗಿದರೆ, ಸದ್ದು ಹುಟ್ಟೋದೇ ಕಾಂಕ್ರೀಟಿನೊಳಗೆ. ತಡೆಯೋಕೆ ಮಧ್ಯದಲ್ಲಿ ಏನೂ ಇಲ್ಲ. ಚಿಕ್ಕವರಿದ್ದಾಗ ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನ್ ಆಟ ಆಡಿದ್ದೀರಲ್ವಾ? ಬಿಗಿಯಾದ ದಾರ ಮಾತನ್ನು ಒಯ್ಯುವ ಹಾಗೇ ಕಟ್ಟಡದ ಕಂಬ ಮತ್ತು ಪೈಪು ನಡುಕವನ್ನು ನಾಲ್ಕು ಮಹಡಿ ಮೇಲಕ್ಕೆ ಒಯ್ಯುತ್ತವೆ. ಕೊನೆಯಲ್ಲಿ ನಿಮ್ಮ ರೂಮಿನ ಅಗಲವಾದ ಗೋಡೆಯೇ ಸ್ಪೀಕರ್ ಆಗುತ್ತದೆ.

ಮೊದಲು ನಿಮ್ಮ ಮನೆಯನ್ನೇ ಅನುಮಾನಿಸಿ

ಅಸೋಸಿಯೇಷನ್ ಗ್ರೂಪಿನಲ್ಲಿ ಜಗಳ ಶುರು ಮಾಡುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ ಇದ್ದರೆ ಅದನ್ನೂ ಮಾಡಬೇಕು, ಇಲ್ಲದಿದ್ದರೆ ಫ್ಯಾನು ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ, ಪರೀಕ್ಷೆ ಸುಮ್ನೆ ವೇಸ್ಟ್. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಬೋರ್ಡಿನಲ್ಲಿರುವ ಸಣ್ಣ ಸ್ವಿಚ್ಚುಗಳನ್ನು, ಅಂದರೆ ಎಂಸಿಬಿಗಳನ್ನು ಒಂದೊಂದೇ ಮೇಲೆತ್ತುತ್ತಾ ಬನ್ನಿ. ಫ್ರಿಜ್ಜಿನ ಕಂಪ್ರೆಸರ್ ಗೋಡೆಗೆ ತಾಗಿರುವುದು ಒಂದು ಸಾಮಾನ್ಯ ಕಾರಣ, ನಾಲ್ಕು ಬೆರಳು ಮುಂದೆ ಎಳೆದರೆ ಮುಗಿಯಿತು. ಫ್ಯಾನ್ ಸ್ಪೀಡ್ ಕಮ್ಮಿ ಮಾಡಿದಾಗಲೇ ಗುಂಯ್ ಜಾಸ್ತಿ ಆಗುತ್ತದಾ? ಹಾಗಿದ್ದರೆ ತಪ್ಪು ರೆಗ್ಯುಲೇಟರ್‌ನದು. ಟ್ರಯಾಕ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ ಇರುವ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತದೆ, ಮೋಟರ್ ಅದಕ್ಕೆ ಗೊಣಗುತ್ತದೆ. ಕೆಪಾಸಿಟರ್ ಇರುವ, ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ರೆಗ್ಯುಲೇಟರ್ ಹಾಕಿಸಿ.

ಮೇನ್ ಆಫ್ ಆದರೂ ಸದ್ದು ಇದ್ದರೆ ಅದು ಹೊರಗಿನದು. ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಂಡು ಒಂದು ಸಲ ನೋಡಿ. ಬೆರಳು ತುರುಕಿಕೊಂಡು ನೋಡಬೇಡಿ, ಬೆರಳಿನ ಸ್ನಾಯುವೇ ಸುಮಾರು 25 ಹರ್ಟ್ಜ್ (ಅಂದರೆ ಸೆಕೆಂಡಿಗೆ 25 ನಡುಕ) ಆಸುಪಾಸಿನಲ್ಲಿ ಗುಡುಗುಡು ಅನ್ನುತ್ತದೆ, ಅದನ್ನೇ ಕೇಳಿ ದಾರಿ ತಪ್ಪುತ್ತೀರಿ. ಪ್ಲಗ್ ಇಟ್ಟರೂ, ಮನೆ ಬಿಟ್ಟು ಹೊರಗೆ ಹೋದರೂ, ಊರಿಗೆ ಹೋದರೂ ಅದೇ ಸದ್ದು ಇದ್ದರೆ ಪ್ಲಂಬರ್ ಬೇಡ, ಇಎನ್‌ಟಿ ಡಾಕ್ಟರ್ ಬೇಕು. ಇದು ತಮಾಷೆಯ ಮಾತಲ್ಲ, ಕಿವಿಯೊಳಗೇ ಹುಟ್ಟುವ ಸದ್ದು ನಿಜವಾದ ತೊಂದರೆ.

ಕಿಟಕಿ, ಬೆರಳು, ಸ್ಕ್ರೂಡ್ರೈವರ್

ಈಗ ದಾರಿ ಯಾವುದು ಅಂತ ನೋಡೋಣ. ಕಿಟಕಿ ಪೂರ್ತಿ ತೆಗೆಯಿರಿ. ನಿಮಗೆ ಕಾಟ ಕೊಡುವ ಸದ್ದು ಜೋರಾಯಿತಾ? ಗಾಳಿಯ ದಾರಿ. ಹೊರಗಿನ ಬೇರೆ ಸದ್ದೆಲ್ಲ ಜಾಸ್ತಿಯಾಗಿ, ಈ ಗುಂಯ್ ಮಾತ್ರ ಇದ್ದಷ್ಟೇ ಇದೆಯಾ? ಆಗ ಕಟ್ಟಡದ ಮೈಯಿಂದ ಬರುತ್ತಿದೆ. ಈ ಒಂದು ಪರೀಕ್ಷೆ ಮಾಡಿದ್ದರೆ ಸಾಕಿತ್ತು, ಎಷ್ಟೋ ಮನೆಗಳ ಎರಡು ಪದರದ ಗಾಜಿನ ಖರ್ಚು ಉಳಿಯುತ್ತಿತ್ತು.

ಕಟ್ಟಡದ ಮೈ ಅಂತಾದರೆ ಬೆರಳ ತುದಿಯನ್ನು ಗೋಡೆಗೆ, ಬಾತ್‌ರೂಮಿನ ಪೈಪಿಗೆ, ಕಿಟಕಿಯ ಫ್ರೇಮಿಗೆ ಮೆಲ್ಲಗೆ ಇಡಿ. ಒತ್ತಬೇಡಿ. ಪೈಪಿನಲ್ಲಿ ಜುಮ್ ಅನ್ನೋದು ಬೆರಳಿಗೇ ಗೊತ್ತಾಗುತ್ತದೆ. ಬೆರಳಿಗೆ ಸಿಗದಿದ್ದರೆ ಉದ್ದನೆಯ ಸ್ಕ್ರೂಡ್ರೈವರ್ ತಗೊಳ್ಳಿ. ಗ್ಯಾರೇಜಿನವರು ಇಂಜಿನ್ನಿನ ಬೇರಿಂಗ್ ಕೇಳೋದು ಹೀಗೇ. ತುದಿಯನ್ನು ಪೈಪಿಗೆ ಒತ್ತಿ, ಹಿಡಿಯ ಬುಡವನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ, ಕಿವಿಯ ತೂತಿಗಲ್ಲ. ನಡುಕ ಉಕ್ಕಿನಿಂದ ನೇರ ಮೂಳೆಗೆ ಬರುತ್ತದೆ, ಗಾಳಿಗೆ ದಾಟುವ ನಷ್ಟವೇ ಇಲ್ಲ. ಪೈಪಿನ ಮೇಲೆ ಒಂದೊಂದು ಅಡಿಗೆ ತುದಿ ಸರಿಸುತ್ತಾ ಹೋದರೆ ಎಲ್ಲಿ ಜಾಸ್ತಿ ಅಂತ ಸ್ಪಷ್ಟವಾಗಿ ಕೇಳುತ್ತದೆ. ತಿರುಗುವ ಮೋಟರ್‌ನ ಫ್ಯಾನಿನ ಹತ್ತಿರ, ವೈರಿನ ಡಬ್ಬಿಯ ಹತ್ತಿರ ಮಾತ್ರ ಈ ಕೆಲಸ ಮಾಡಬೇಡಿ.

'ಹಾಲ್‌ನಲ್ಲಿ ಇಲ್ಲ, ರೂಮಿನಲ್ಲಿ ಮಾತ್ರ ಇದೆ' ಯಾಕೆ

ಇದು ಎಲ್ಲರನ್ನೂ ಗೊಂದಲಕ್ಕೆ ಹಾಕುವ ಲಕ್ಷಣ. ಮನೆಯವರಿಗೆ ಭ್ರಮೆ ಅನ್ನಿಸೋದೂ ಇದರಿಂದಲೇ.

ಸಂಪಿನ ಮೋಟರ್ ಸಾಮಾನ್ಯವಾಗಿ ನಿಮಿಷಕ್ಕೆ 2880 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಸೆಕೆಂಡಿಗೆ 48. ಅದರ ನಡುಕ ಹುಟ್ಟಿಸುವ ಮೂಲ ಸದ್ದು 48 ಹರ್ಟ್ಜ್. ಗಾಳಿಯಲ್ಲಿ ಆ ಅಲೆಯ ಉದ್ದ ಏಳು ಮೀಟರ್ ಚಿಲ್ಲರೆ. ಅದರ ಅರ್ಧ ಹೆಚ್ಚು ಕಡಿಮೆ 12 ಅಡಿ. ಈಗ ನಿಮ್ಮ ಬೆಡ್‌ರೂಮಿನ ಅಳತೆ ಹೇಳಿ! ಬಹಳಷ್ಟು ಮನೆಗಳಲ್ಲಿ 10-12 ಅಥವಾ 11-12 ತಾನೇ? ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂತರೆ ಅದು ಅಲ್ಲೇ ನಿಂತು ಬಲವಾಗುತ್ತದೆ. ಗೋಡೆ ಪಕ್ಕದಲ್ಲಿ, ಮೂಲೆಯಲ್ಲಿ ಜೋರು. ರೂಮಿನ ನಡುವೆ ಹೆಚ್ಚು ಕಡಿಮೆ ಸೊನ್ನೆ. ನಾವು ಮಂಚವನ್ನು ಎಲ್ಲಿ ಹಾಕುತ್ತೇವೆ? ಗೋಡೆಗೆ ತಾಗಿಸಿ. ತಲೆ ಎಲ್ಲಿ ಬರುತ್ತದೆ? ಅತಿ ಜೋರಿರುವ ಜಾಗಕ್ಕೇ.

ರಾತ್ರಿ ಸದ್ದು ಇರುವಾಗ ತಲೆದಿಂಬಿನ ಜಾಗದಿಂದ ರೂಮಿನ ಮಧ್ಯಕ್ಕೆ ನಿಧಾನವಾಗಿ ನಡೆಯಿರಿ. ಮಧ್ಯದಲ್ಲಿ ಮಾಯವಾಗಿ, ಎದುರು ಗೋಡೆಯ ಹತ್ತಿರ ಮತ್ತೆ ಹುಟ್ಟಿದರೆ ಇದೇ ಅದು. 'ಭ್ರಮೆ' ಅಂದವರನ್ನು ಮೂಲೆಯಲ್ಲಿ ನಿಲ್ಲಿಸಿ ಕೇಳಿಸಿ. ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಮಾತ್ರ ಕಿವಿಯನ್ನು ಕೇಳಬೇಡಿ. ಏಳು ಮೀಟರಿನ ಅಲೆಗೆ ಒಂದು ಗೇಣು ದೂರದ ಎರಡು ಕಿವಿ ಏನೂ ಅಲ್ಲ, ಎರಡಕ್ಕೂ ಒಂದೇ ತರ ಕೇಳುತ್ತದೆ.

ಮಂಚವನ್ನು ಒಂದೆರಡು ಅಡಿ ಮುಂದೆ ಎಳೆಯೋದು ಶಾಶ್ವತ ಪರಿಹಾರ ಅಲ್ಲ. ಆದರೆ ಅಸೋಸಿಯೇಷನ್ ಮೀಟಿಂಗ್ ಕರೆಯುವ ತನಕ ನಿದ್ದೆಯಂತೂ ಬರುತ್ತದೆ.

ಫೋನ್ ತೆಗೆದು ಹರ್ಟ್ಜ್ ನೋಡಿ

ಸದ್ದಿನ ಸ್ಪೆಕ್ಟ್ರಮ್, ಅಂದರೆ ಯಾವ ಹರ್ಟ್ಜಿನಲ್ಲಿ ಎಷ್ಟು ಸದ್ದಿದೆ ಅನ್ನೋ ಗ್ರಾಫ್ ತೋರಿಸುವ ಆಪ್ ಯಾವುದಾದರೂ ಹಾಕಿಕೊಳ್ಳಿ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಉಚಿತ, ಜಾಹೀರಾತಿನ ಕಾಟವೂ ಇಲ್ಲ. ಫೋನನ್ನು ಮೂಲೆಯಲ್ಲಿ ಇಡಿ, ಅಲ್ಲೇ ಜೋರು ಅಂತ ಈಗ ಗೊತ್ತಲ್ಲ. ಫೋನಿನ ಮೈಕು ತಗ್ಗು ಸದ್ದಿಗೆ ಸ್ವಲ್ಪ ಕಿವುಡು, ಆದ್ದರಿಂದ ಎಷ್ಟು ಡೆಸಿಬೆಲ್ ಅಂತ ನೋಡಬೇಡಿ. ಮೊನೆ ಎಲ್ಲಿ ಎದ್ದಿದೆ ಅಂತ ಮಾತ್ರ ನೋಡಿ.

ನಮ್ಮ ಕರೆಂಟು 50 ಹರ್ಟ್ಜ್. ಇದು ಪತ್ತೆ ಕೆಲಸಕ್ಕೆ ದೊಡ್ಡ ಸಹಾಯ. ಮೊನೆ ಸರಿಯಾಗಿ 100ರಲ್ಲಿ ಇದ್ದರೆ ಅದು ಟ್ರಾನ್ಸ್‌ಫಾರ್ಮರ್, ಸ್ಟೆಬಿಲೈಸರ್, ಯುಪಿಎಸ್ ಇಂಥ ಕಬ್ಬಿಣದ ತಿರುಳಿರುವ ಯಾವುದೋ ಒಂದು. ಕರೆಂಟಿನ ಒಂದೊಂದು ಸುತ್ತಿಗೂ ಆ ತಿರುಳು ಎರಡು ಸಲ ಹಿಗ್ಗಿ ಕುಗ್ಗುತ್ತದೆ, ಅದಕ್ಕೇ 50ರ ಎರಡರಷ್ಟು. ಮೊನೆ 50ಕ್ಕಿಂತ ಸ್ವಲ್ಪ ಕೆಳಗೆ, 47-49ರಲ್ಲಿ ಇದ್ದರೆ ತಿರುಗುವ ಮೋಟರ್. ಮೋಟರ್ ಯಾವಾಗಲೂ ಕರೆಂಟಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ, ಆ ಹಿಂದೆ ಬಿದ್ದಿರೋದೇ ಗುರುತು. ನಿಮಿಷಕ್ಕೆ 1440 ಸುತ್ತಿನ ಮೋಟರ್ ಆದರೆ 24. ಡೀಸೆಲ್ ಜನರೇಟರ್ 1500 ಸುತ್ತಿನದಾಗಿ, ನಾಲ್ಕು ಸಿಲಿಂಡರ್ ಇದ್ದರೆ 50, ಮೂರು ಸಿಲಿಂಡರ್ ಇದ್ದರೆ 37-38ರ ಹತ್ತಿರ ಬಡಿಯುತ್ತದೆ. ಆದರೆ ಜನರೇಟರ್ ಓಡುವಾಗ ಕರೆಂಟ್ ಹೋಗಿರುತ್ತದೆ, ಅದಕ್ಕೆ ಆಪ್ ಬೇಕಾಗಿಲ್ಲ ಬಿಡಿ.

ಬೆಂಗಳೂರಿನ ಒಂದು ನಾಲ್ಕು ಮಹಡಿ ಕಟ್ಟಡದಲ್ಲಿ ಇದೇ ಜಗಳ ನಡೆದಿತ್ತು. ಎರಡನೇ ಮಹಡಿಯ ರೂಮಿನಲ್ಲಿ ಗುಂಯ್. ಎದುರಿಗೇ ಕಂಬದ ಮೇಲೆ ಟ್ರಾನ್ಸ್‌ಫಾರ್ಮರ್ ಇತ್ತು, ಎಲ್ಲರೂ ಅದನ್ನೇ ಬೈದರು, ದೂರು ಬರೆಯೋಕೂ ತಯಾರಾದರು. ಆಪ್ ತೆಗೆದರೆ ಮೊನೆ 100ರಲ್ಲಿ ಇಲ್ಲ, 48ರಲ್ಲಿ. ಕಿಟಕಿ ತೆಗೆದರೆ ಜಾಸ್ತಿಯೂ ಆಗಲಿಲ್ಲ. ಕೆಳಗೆ ವಾಚ್‌ಮನ್‌ಗೆ ಫೋನ್ ಹಚ್ಚಿ 'ಅಣ್ಣಾ, ಸಂಪಿನ ಮೋಟರ್ ಒಂದು ನಿಮಿಷ ಆಫ್ ಮಾಡಿ' ಅಂದರೆ ಗುಂಯ್ ತಟ್ಟನೆ ನಿಂತಿತು. 'ಆನ್ ಮಾಡಿ' ಅಂದರೆ ಮತ್ತೆ ಶುರು. ಆದರೆ ಮೋಟರ್ ಇದ್ದದ್ದು ಕಟ್ಟಡದ ಹಿಂದಿನ ಮೂಲೆಯಲ್ಲಿ, ಮೊದಲ ಮಹಡಿಯವರಿಗೆ ಏನೂ ಕೇಳುತ್ತಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಡಕ್ಟಿನಲ್ಲಿ, ಅಂದರೆ ಪೈಪುಗಳು ಮೇಲೆ ಕೆಳಗೆ ಹೋಗುವ ಕಿಂಡಿಯಲ್ಲಿ ಹುಡುಕಿದಾಗ ಗುಟ್ಟು ಸಿಕ್ಕಿತು. ಮೇಲಿನ ಟ್ಯಾಂಕಿಗೆ ಹೋಗುವ ಎರಡು ಇಂಚಿನ ಜಿಐ (ಸತು ಲೇಪದ ಕಬ್ಬಿಣ) ಪೈಪು ಉಳಿದ ಕಡೆ ಸಡಿಲವಾಗಿ ನಿಂತಿತ್ತು, ಎರಡನೇ ಮಹಡಿಯಲ್ಲಿ ಮಾತ್ರ ಒಂದು ಕಬ್ಬಿಣದ ಕ್ಲಾಂಪ್ ಹಾಕಿ ನಾಲ್ಕು ಇಂಚಿನ ಗೋಡೆಗೆ ಬೋಲ್ಟ್ ಬಿಗಿದಿದ್ದರು. ಆ ಗೋಡೆಯ ಈ ಕಡೆ ಮಂಚ. ಕ್ಲಾಂಪಿನ ಬೋಲ್ಟ್ ಸ್ವಲ್ಪ ಸಡಿಲಿಸಿ ಪೈಪಿಗೆ ರಬ್ಬರ್ ಸುತ್ತಿದ ಮೇಲೆ ರೂಮಿನ ಸದ್ದು ಬಹುಮಟ್ಟಿಗೆ ಹೋಯಿತು. ಮೋಟರ್‌ನ ಕೆಳಗೆ ಕೆಲಸ ಮಾಡಿದ್ದು ಆಮೇಲೆ.

ಮೋಟರ್‌ಗೆ ಮದ್ದು

ಮೋಟರ್‌ನಿಂದ ನಡುಕ ಎರಡು ಕಡೆ ಹೋಗುತ್ತದೆ, ಕಾಲಿನಿಂದ ನೆಲಕ್ಕೆ, ಬಾಯಿಂದ ಪೈಪಿಗೆ. ಎರಡನ್ನೂ ಕತ್ತರಿಸಬೇಕು. ಒಂದನ್ನೇ ಮಾಡಿ 'ಏನೂ ಪ್ರಯೋಜನ ಇಲ್ಲ' ಅನ್ನೋರು ಬಹಳ.

ಕಾಲಿಗೆ ರಬ್ಬರ್ ಪ್ಯಾಡ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಎಂಥ ಪ್ಯಾಡ್ ಅಂತ ಯಾರೂ ಹೇಳಲ್ಲ. ಪ್ಯಾಡ್ ಮೇಲೆ ಕೂತ ಮೋಟರ್‌ಗೆ ತನ್ನದೇ ಕುಲುಕಾಟದ ಲಯ ಒಂದು ಇರುತ್ತದೆ. ಮೋಟರ್ ಕೂತಾಗ ಪ್ಯಾಡ್ ಎಷ್ಟು ತಗ್ಗುತ್ತದೆ ಅನ್ನೋದು ಆ ಲಯವನ್ನು ತೀರ್ಮಾನಿಸುತ್ತದೆ. 1 ಮಿಲಿಮೀಟರ್ ತಗ್ಗಿದರೆ ಲಯ ಸುಮಾರು 16 ಹರ್ಟ್ಜ್. ಅದು 48ರ ಮೂರನೇ ಒಂದು ಪಾಲು, ಆಗ ನೆಲಕ್ಕೆ ಹೋಗುವ ನಡುಕ ಲೆಕ್ಕದ ಪ್ರಕಾರ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಕಲ್ಲಿನಂಥ ಗಟ್ಟಿ ರಬ್ಬರ್ ಹಾಕಿ ಅದು ಬರೀ 0.1 ಮಿಲಿಮೀಟರ್ ತಗ್ಗಿದರೆ? ಲಯ 50 ಹರ್ಟ್ಜ್. ಮೋಟರ್‌ನ 48ಕ್ಕೆ ಸರಿಯಾಗಿ ತಾಳ ಕೂಡುತ್ತದೆ, ನಡುಕ ಕಮ್ಮಿ ಆಗೋದಿರಲಿ, ಮೊದಲಿಗಿಂತ ಜಾಸ್ತಿಯೇ ಆಗುತ್ತದೆ. ಹಳೇ ಟೈರ್ ತುಂಡು ಹಾಕಿ 'ಇನ್ನೂ ಜೋರಾಯ್ತು' ಅಂದವರು ಸುಳ್ಳು ಹೇಳುತ್ತಿಲ್ಲ.

ಹಾಗಾಗಿ ಮೋಟರ್ ಇಡುವ ಮೊದಲು ಪ್ಯಾಡಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆಯಿರಿ, ಇಟ್ಟ ಮೇಲೆ ಮತ್ತೆ ಅಳೆಯಿರಿ. ರಬ್ಬರ್ ಬೇಗ ಬೇಗ ಅಲುಗಿಸಿದಾಗ ಇನ್ನಷ್ಟು ಬಿಗಿಯಾಗುತ್ತದೆ, ಆದ್ದರಿಂದ 2-3 ಮಿಲಿಮೀಟರ್ ತಗ್ಗಿದರೆ ನೆಮ್ಮದಿ. ಮೋಟರ್ ಹಗುರ ಇದ್ದು ಪ್ಯಾಡ್ ತಗ್ಗುತ್ತಲೇ ಇಲ್ಲ ಅಂದರೆ ಅದನ್ನು ಒಂದು ಭಾರದ ಕಾಂಕ್ರೀಟ್ ಹಾಸಿಗೆ ಬೋಲ್ಟ್ ಮಾಡಿ, ಆ ಹಾಸನ್ನು ಪ್ಯಾಡ್ ಮೇಲೆ ಕೂರಿಸಿ. ಪ್ಯಾಡ್ ಹಾಕಿದ ಮೇಲೆ ಉದ್ದನೆಯ ಬೋಲ್ಟನ್ನು ಪ್ಯಾಡ್ ಮೂಲಕವೇ ನೆಲಕ್ಕೆ ಬಿಗಿಯುತ್ತಾರೆ, ಇದು ಶುದ್ಧ ದಂಡ. ಉಕ್ಕಿನ ಬೋಲ್ಟೇ ಹೊಸ ದಾರಿ ಆಯಿತಲ್ಲ.

ಬಾಯಿಗೆ, ಅಂದರೆ ನೀರು ಹೊರಗೆ ಹೋಗುವ ಕಡೆ, ಒಂದು ರಬ್ಬರ್ ಬೆಲ್ಲೋಸ್ (ಮೆತ್ತಗೆ ಬಾಗುವ ಜಾಯಿಂಟ್) ಅಥವಾ ಒತ್ತಡ ತಡೆಯುವ ಫ್ಲೆಕ್ಸಿಬಲ್ ಹೋಸ್ ಹಾಕಿಸಿ. ಪೈಪಿನ ಕಬ್ಬಿಣದಲ್ಲಿ ಹೋಗುವ ನಡುಕ ಅಲ್ಲಿ ನಿಲ್ಲುತ್ತದೆ. ಒಳಗಿನ ನೀರಿನಲ್ಲಿ ಹೋಗುವ ಮಿಡಿತವೂ ಸ್ವಲ್ಪ ಕಮ್ಮಿಯಾಗುತ್ತದೆ, ಪೂರ್ತಿ ನಿಲ್ಲಲ್ಲ. ಅದಕ್ಕೇ ಮೇಲಿನ ಕ್ಲಾಂಪ್‌ಗಳಿಗೆಲ್ಲ ರಬ್ಬರ್ ಬೇಕು, ಆದಷ್ಟು ಕ್ಲಾಂಪನ್ನು ತೆಳು ಗೋಡೆಗೆ ಹಾಕದೆ ಕಂಬಕ್ಕೆ ಅಥವಾ ಸ್ಲಾಬಿನ ಅಂಚಿಗೆ ಹಾಕಬೇಕು. ಭಾರದ ಜಾಗ ಸುಲಭಕ್ಕೆ ಅಲುಗಲ್ಲ.

ಗುಂಯ್ ಅಲ್ಲ, 'ಢಂ' ಅನ್ನುತ್ತದೆ

ಮೋಟರ್ ನಿಂತ ಕ್ಷಣಕ್ಕೆ, ಅಥವಾ ವಾಷಿಂಗ್ ಮೆಷಿನ್ ನೀರು ತಗೊಂಡು ನಿಲ್ಲಿಸಿದ ಕ್ಷಣಕ್ಕೆ ಗೋಡೆಯೊಳಗೆ ಢಂ ಅಂದರೆ ಅದು ಬೇರೆ ರೋಗ. ಓಡುತ್ತಿದ್ದ ನೀರು ತಟ್ಟನೆ ನಿಂತಾಗ ಅದರ ವೇಗವೆಲ್ಲ ಒತ್ತಡದ ಅಲೆಯಾಗಿ ಪೈಪಿನಲ್ಲಿ ಹಿಂದೆ ಓಡುತ್ತದೆ. ರಷ್ಯಾದ ನಿಕೊಲಾಯ್ ಝುಕೋವ್‌ಸ್ಕಿ ಮಾಸ್ಕೋದ ನೀರಿನ ಪೈಪುಗಳು ಒಡೆಯುವುದನ್ನು ಅಧ್ಯಯನ ಮಾಡಿ 1898ರಲ್ಲಿ ಇದರ ಲೆಕ್ಕ ಕೊಟ್ಟರು. ಸೂತ್ರ ಸಣ್ಣದು, ನೀರಿನ ಸಾಂದ್ರತೆ, ಅಲೆಯ ವೇಗ, ನಿಂತುಹೋದ ಹರಿವಿನ ವೇಗ ಮೂರನ್ನೂ ಗುಣಿಸಿ. ಜಿಐ ಪೈಪಿನಲ್ಲಿ ಅಲೆ ಸೆಕೆಂಡಿಗೆ 1200 ಮೀಟರ್ ಮೇಲೆ ಓಡುತ್ತದೆ. ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತಿದ್ದ ನೀರು ಒಮ್ಮೆಲೇ ನಿಂತರೆ 12 ಬಾರ್ ಒತ್ತಡ ಏರುತ್ತದೆ, ಅಂದರೆ 120 ಮೀಟರ್ ಎತ್ತರದ ನೀರಿನ ಭಾರ. ಪಿವಿಸಿ ಪೈಪಿನ ಮೈ ಮೆತ್ತಗೆ ಹಿಗ್ಗುವುದರಿಂದ ಅಲೆಯ ವೇಗ ಸುಮಾರು ಮೂರನೇ ಒಂದು ಪಾಲು, ಹೊಡೆತವೂ ಅಷ್ಟೇ ಕಮ್ಮಿ.

ಪತ್ತೆ ಸುಲಭ. ಢಂ ಅನ್ನೋದು ಯಾವುದರ ಜೊತೆ ಬರುತ್ತದೆ ನೋಡಿ. ಮೋಟರ್ ನಿಂತಾಗ ಬಂದರೆ ಎನ್‌ಆರ್‌ವಿ, ಅಂದರೆ ನೀರು ವಾಪಸ್ ಬರದ ಹಾಗೆ ತಡೆಯುವ ವಾಲ್ವು. ಮೇಲಿನ ನೀರು ವಾಪಸ್ ಬೀಳುತ್ತಾ ಬಂದು ವಾಲ್ವಿನ ಎಲೆಯನ್ನು ದಡಾರನೆ ಮುಚ್ಚುತ್ತದೆ. ಸ್ಪ್ರಿಂಗ್ ಇರುವ ಎನ್‌ಆರ್‌ವಿ ಹಾಕಿದರೆ ನೀರು ಹಿಂದೆ ತಿರುಗುವ ಮೊದಲೇ ಮುಚ್ಚಿಕೊಳ್ಳುತ್ತದೆ. ವಾಷಿಂಗ್ ಮೆಷಿನ್ ಆದರೆ ಅದರ ಒಳಗಿನ ಕರೆಂಟಿನ ವಾಲ್ವು ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚುತ್ತದೆ. ಅದಕ್ಕೆ ಕೊಡುವ ಆಂಗಲ್ ಕಾಕನ್ನು ಅರ್ಧ ಮುಚ್ಚಿ ಹರಿವು ಕಮ್ಮಿ ಮಾಡಿ. ಪುಕ್ಕಟೆ ಪರಿಹಾರ. ಆಗದಿದ್ದರೆ ಹೊಡೆತ ಹೀರುವ ಗಾಳಿಯ ಕೋಣೆ ಇರುವ ಅರೆಸ್ಟರ್ ಸಿಗುತ್ತದೆ, ನಲ್ಲಿಯ ಹತ್ತಿರವೇ ಹಾಕಿಸಬೇಕು, ದೂರ ಹಾಕಿದರೆ ಉಪಯೋಗ ಇಲ್ಲ. ಇದನ್ನು ಬರೀ ಸದ್ದು ಅಂತ ಬಿಡಬೇಡಿ, ಜಾಯಿಂಟ್ ಬಿಟ್ಟು ಗೋಡೆ ಒದ್ದೆಯಾಗೋದು ಇದರಿಂದಲೇ.

ಗಾಳಿಯ ದಾರಿ: ಸಂದು ಮೊದಲು, ಗಾಜು ಆಮೇಲೆ

ಕಿಟಕಿ ತೆಗೆದಾಗ ಸದ್ದು ಜೋರಾದರೆ ಇಲ್ಲಿಗೆ ಬನ್ನಿ. ಗಾಳಿಯ ಸದ್ದನ್ನು ತಡೆಯೋಕೆ ಬೇಕಾದ್ದು ಎರಡೇ, ಭಾರ ಮತ್ತು ಸಂದಿಲ್ಲದಿರೋದು. ಗೋಡೆಯ ಭಾರ ಎರಡರಷ್ಟಾದರೆ ತಡೆ 5-6 ಡೆಸಿಬೆಲ್ ಹೆಚ್ಚುತ್ತದೆ. ಅದು ಅಷ್ಟೇನೂ ಅಲ್ಲ, ಕಿವಿಗೆ 'ಸದ್ದು ಅರ್ಧ ಆಯಿತು' ಅನ್ನಿಸೋಕೆ 10 ಬೇಕು. ಎಎಸಿ ಬ್ಲಾಕನ್ನು (ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್) ಸೌಂಡ್‌ಪ್ರೂಫ್ ಅಂತ ಮಾರುತ್ತಾರಲ್ಲ, ನನಗೆ ಅದು ಸರಿ ಕಾಣಲ್ಲ. ಅದು ಘನ ಮೀಟರಿಗೆ 600 ಕೆಜಿ ಆಸುಪಾಸು, ಇಟ್ಟಿಗೆ ಅದರ ಮೂರರಷ್ಟು. ಬಿಸಿಲು ತಡೆಯೋಕೆ ಎಎಸಿ ಒಳ್ಳೆಯದೇ. ಪಕ್ಕದ ಮನೆಯ ಟಿವಿ ತಡೆಯೋಕೆ ಅದೇ ದಪ್ಪದ ಇಟ್ಟಿಗೆ ಗೋಡೆ ಮೇಲು.

ಸಂದಿನ ಲೆಕ್ಕ ಕೇಳಿದರೆ ಬೇಜಾರಾಗುತ್ತದೆ. ಏಳು ಅಡಿ ಎತ್ತರ, ಮೂರು ಅಡಿ ಅಗಲದ ಬಾಗಿಲು. ಕೆಳಗೆ ಅರ್ಧ ಇಂಚು ಸಂದು. ಅದು ಬಾಗಿಲಿನ ಒಟ್ಟು ಜಾಗದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಆದರೂ ಆ ಬಾಗಿಲು ತೇಗದ್ದಾಗಲಿ ಉಕ್ಕಿನದ್ದಾಗಲಿ, ಒಟ್ಟು ತಡೆ 22 ಡೆಸಿಬೆಲ್ ದಾಟಲ್ಲ. ಗಟ್ಟಿ ಗೋಡೆ 45-50 ತಡೆಯುವ ಕಡೆ ಬಾಗಿಲು 22ಕ್ಕೆ ನಿಂತರೆ, ಗೋಡೆಗೆ ಸುರಿದ ದುಡ್ಡು ಬಾಗಿಲ ಕೆಳಗಿನಿಂದ ಹರಿದು ಹೋಯಿತು ಅಂತಲೇ. ರಾತ್ರಿ ಲೈಟ್ ಆರಿಸಿ ಆ ಕಡೆಯಿಂದ ಒಬ್ಬರು ಟಾರ್ಚ್ ಹಿಡಿಯಲಿ, ಬೆಳಕು ಬಂದ ಕಡೆಯೆಲ್ಲ ಸದ್ದೂ ಬರುತ್ತದೆ. ಕಿಟಕಿಯ ಸುತ್ತ ಊದುಬತ್ತಿ ಹಿಡಿದರೆ ಹೊಗೆ ಅಲುಗುವ ಜಾಗ ಸಂದು. ಜಾರುವ ಕಿಟಕಿಗಳಿಗೆ ಚಳಿಗಾಲದ ಚಳಿಯನ್ನೇ ತಡೆಯೋಕೆ ಆಗಲ್ಲ, ಬ್ರಷ್ ತರದ ಎಳೆಗಳಷ್ಟೇ ಇರುತ್ತವೆ. ಬಾಗಿಲಿನ ಹಾಗೆ ತೆರೆಯುವ, ರಬ್ಬರಿಗೆ ಒತ್ತಿ ಕೂರುವ ಕಿಟಕಿ ಈ ವಿಷಯದಲ್ಲಿ ಬಹಳ ವಾಸಿ. ಸ್ಪ್ಲಿಟ್ ಎಸಿಯ ಪೈಪ್ ತೂತು, ಎಕ್ಸಾಸ್ಟ್ ಫ್ಯಾನ್, ಡಕ್ಟಿಗೆ ತೆರೆದ ಬಾತ್‌ರೂಮ್ ವೆಂಟಿಲೇಟರ್ ಇವನ್ನೂ ನೋಡಿ. ಮೇಲಿನ ಮನೆಯವರ ಫೋನ್ ಮಾತು ಪದ ಪದವಾಗಿ ಕೇಳುತ್ತದೆ ಅಂದರೆ ಡಕ್ಟ್‌ನ ಮೇಲೆ ಅನುಮಾನ ಪಡಿ, ಸ್ಲಾಬಿನ ಮೇಲಲ್ಲ.

ಎರಡು ಪದರದ ಗಾಜಿನ ವಿಷಯ. 4 ಮಿಲಿಮೀಟರಿನ ಎರಡು ಗಾಜು, ನಡುವೆ 12 ಮಿಲಿಮೀಟರ್ ಗಾಳಿ, ಇದು ಮಾಮೂಲಿ ಅಳತೆ. ಆ ನಡುವಿನ ಗಾಳಿ ಸ್ಪ್ರಿಂಗ್ ಆಗಿ ಎರಡೂ ಗಾಜು 250 ಹರ್ಟ್ಜ್ ಹತ್ತಿರ ಒಟ್ಟಿಗೆ ಕುಣಿಯುತ್ತವೆ. ಹಾರ್ನಿನ ಕಿರುಚಾಟಕ್ಕೆ ಪರವಾಗಿಲ್ಲ, ಬಸ್ಸು ಲಾರಿಯ ಗುಡುಗಿಗೆ ಒಂದೇ ದಪ್ಪ ಗಾಜಿಗಿಂತ ಅಂಥ ಲಾಭ ಏನೂ ಇಲ್ಲ. ಹಳೆ ಕಿಟಕಿ ಹಾಗೇ ಬಿಟ್ಟು, ನಾಲ್ಕು ಇಂಚು ಒಳಗೆ ಇನ್ನೊಂದು ಕಿಟಕಿ ಹಾಕಿಸಿದರೆ ಆ ಕುಣಿತ 85 ಹರ್ಟ್ಜ್ ಹತ್ತಿರಕ್ಕೆ ಇಳಿಯುತ್ತದೆ, ಲಾರಿಯ ಸದ್ದಿನ ಬಹುಭಾಗಕ್ಕೆ ತಡೆ ಸಿಗುತ್ತದೆ.

ಫೋಮ್ ಮತ್ತು ಮೊಟ್ಟೆ ಟ್ರೇ

ಬೇಡ. ಫೋಮ್ ಕೆಲಸ ಮಾಡೋದು ರೂಮಿನೊಳಗಿನ ಪ್ರತಿಧ್ವನಿಗೆ. ಹೊಸ ಮನೆಯ ಖಾಲಿ ಹಾಲಿನಲ್ಲಿ ಚಪ್ಪಾಳೆ ತಟ್ಟಿದರೆ ಟೈಲ್ಸಿಗೂ ಗೋಡೆಗೂ ಬಡಿದು 'ಟರ್ರ್' ಅನ್ನುತ್ತದಲ್ಲ, ಅದಕ್ಕೆ ಸೋಫಾ, ಜಮಖಾನ, ಪುಸ್ತಕದ ಕಪಾಟು, ಬೇಕಿದ್ದರೆ ಫೋಮ್. ಗೋಡೆ ದಾಟಿ ಬರುವ ಸದ್ದನ್ನು ತಡೆಯೋಕೆ ಭಾರ ಬೇಕು, ಫೋಮಿಗೆ ಭಾರವೇ ಇಲ್ಲ. ಮೊಟ್ಟೆ ಟ್ರೇ ಎರಡಕ್ಕೂ ಆಗಲ್ಲ, ಬೆಂಕಿ ಹತ್ತಿದರೆ ಅಪಾಯ ಬೇರೆ.

ಮೇಲಿನ ಮನೆಯ ಹೆಜ್ಜೆ, ಕುರ್ಚಿ, ಮಿಕ್ಸಿ

ಐದು ಇಂಚಿನ ಸ್ಲಾಬ್ ಮಾತನ್ನು ಚೆನ್ನಾಗಿ ತಡೆಯುತ್ತದೆ, ಹೆಜ್ಜೆಯನ್ನು ತಡೆಯಲ್ಲ. ಕೆಳಗಿನಿಂದ ಮಾಡುವ ಯಾವ ಕೆಲಸವೂ ಪೂರ್ತಿ ಫಲ ಕೊಡಲ್ಲ, ಫಾಲ್ಸ್ ಸೀಲಿಂಗ್ ಹಾಕಿಸಿದರೂ ನಡುಕ ಗೋಡೆಗಳಿಂದ ಇಳಿದು ಬರುತ್ತದೆ. ಮದ್ದು ಇರೋದು ಮೇಲೆ. ಕುರ್ಚಿಯ ಕಾಲಿಗೆ ಫೆಲ್ಟ್, ಮಕ್ಕಳು ಆಡುವ ಕಡೆ ದಪ್ಪ ಮ್ಯಾಟು, ಮಿಕ್ಸಿ ಮತ್ತು ಗ್ರೈಂಡರಿನ ಕೆಳಗೆ ಮೆತ್ತನೆ ರಬ್ಬರ್ ಶೀಟು, ಮತ್ತು ಗ್ರಾನೈಟ್ ಕಟ್ಟೆಯಲ್ಲಿ ಮಿಕ್ಸಿ ಗೋಡೆಗೆ ತಾಗದ ಹಾಗೆ ಒಂದಿಷ್ಟು ಜಾಗ. ಫೆಲ್ಟ್ ಪ್ಯಾಕೆಟ್ ನೀವೇ ತಂದು, ಒಂದು ಡಬ್ಬಿ ಕೋಡುಬಳೆ ಜೊತೆ 'ಆಂಟಿ, ಇದನ್ನ ಹಾಕ್ಕೋತೀರಾ?' ಅಂತ ಕೊಟ್ಟರೆ ಬೇಗ ಕೆಲಸ ಆಗುತ್ತದೆ. ಗ್ರೂಪಿನಲ್ಲಿ ಬರೆದರೆ ಆಗಲ್ಲ.

ವೈಫೈಗೆ ಇದೇ ಬುದ್ಧಿ ಬಳಸಬೇಡಿ

ಗೋಡೆ ದಾಟದ ಇನ್ನೊಂದು ಅಲೆ ಇದು, ಆದರೆ ನಿಯಮವೇ ಬೇರೆ. ಸದ್ದು ವಸ್ತುವನ್ನು ಅಲುಗಿಸಿ ಸಾಗುತ್ತದೆ, ವೈಫೈ ವಿದ್ಯುತ್ ಮತ್ತು ಕಾಂತದ ಅಲೆ. ಅದಕ್ಕೆ ಭಾರ ಲೆಕ್ಕಕ್ಕಿಲ್ಲ. ಲೋಹ ಮತ್ತು ನೀರು ಶತ್ರುಗಳು. ತೆಳ್ಳಗಿನ ಕನ್ನಡಿ ಸದ್ದಿಗೆ ಏನೂ ಅಲ್ಲ, ಆದರೆ ಅದರ ಹಿಂದಿನ ಲೋಹದ ಲೇಪ ವೈಫೈಯನ್ನು ವಾಪಸ್ ಕಳಿಸುತ್ತದೆ. ಕಬ್ಬಿಣದ ಬೀರು, ಫ್ರಿಜ್ಜು, ಮೀನಿನ ತೊಟ್ಟಿ, ಸರಳು ತುಂಬಿದ ಆರ್‌ಸಿಸಿ ಗೋಡೆ ಎಲ್ಲ ಅಡ್ಡಿ. 2.4 ಗಿಗಾಹರ್ಟ್ಜ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ಸ್ಟೀಲ್ ಸೊಳ್ಳೆ ಪರದೆಯ ತೂತು ಅದಕ್ಕೆ ತೂತೇ ಅಲ್ಲ, ಗೋಡೆಯೇ. ಮೈಕ್ರೊವೇವ್ ಓವನ್ನಿನ ಬಾಗಿಲಿನ ಜಾಲರಿ ಕೆಲಸ ಮಾಡೋದೂ ಇದೇ ಲೆಕ್ಕದಲ್ಲಿ. ಬಾಲ್ಕನಿಯಲ್ಲಿ ಮಾತ್ರ ಸಿಗ್ನಲ್ ಕಮ್ಮಿ ಆಗುತ್ತದೆ ಅಂದರೆ ಪರದೆ ಸರಿಸಿ ನೋಡಿ. 5 ಗಿಗಾಹರ್ಟ್ಜ್ ಗೋಡೆಗಳಿಗೆ ಇನ್ನೂ ಬೇಗ ಸೋಲುತ್ತದೆ, ದೂರದ ರೂಮಿಗೆ 2.4 ಇಟ್ಟುಕೊಳ್ಳಿ.

ಟೈಲ್ಸ್ ಡಬ್ಬ್ ಅನ್ನುತ್ತಿದೆಯೇ

ದಾರಿ ಹುಡುಕಿಕೊಂಡು ಗೋಡೆ, ನೆಲ ತಟ್ಟುತ್ತಾ ಇರುವಾಗ ಇದೂ ಕಣ್ಣಿಗೆ ಬೀಳುತ್ತದೆ, ಅದಕ್ಕೆ ಹೇಳುತ್ತಿದ್ದೇನೆ. ನಾಣ್ಯದಲ್ಲಿ ತಟ್ಟಿದಾಗ ಒಂದು ಟೈಲ್ ಟಣ್ ಅಂದು ಪಕ್ಕದ್ದು ಡಬ್ಬ್ ಅಂದರೆ ಅದರ ಕೆಳಗೆ ಗಾರೆ ಕೂತಿಲ್ಲ, ಗಾಳಿ ಇದೆ. ಕಾಂಕ್ರೀಟಿನ ಗಟ್ಟಿತನ ನೋಡುವ ಅಲ್ಟ್ರಾಸಾನಿಕ್ ಪರೀಕ್ಷೆಯೂ ಹೀಗೇ, ಒಳಗೆ ಬಿರುಕಿದ್ದರೆ ಅಲೆ ಸುತ್ತಿ ಬಂದು ತಡವಾಗುತ್ತದೆ. 2018ರ ತನಕ ಜಾರಿಯಲ್ಲಿದ್ದ 1992ರ ಐಎಸ್ 13311 ಅನ್ನೋ ಭಾರತೀಯ ಮಾನದಂಡದ ಪ್ರಕಾರ ಸೆಕೆಂಡಿಗೆ 4.5 ಕಿಲೋಮೀಟರ್ ಮೇಲಿದ್ದರೆ ಅತ್ಯುತ್ತಮ, 3ಕ್ಕಿಂತ ಕೆಳಗಿದ್ದರೆ ಅನುಮಾನ ಅಂತಿತ್ತು. ಆ ಪರೀಕ್ಷೆಯಲ್ಲಿ ಉಪಕರಣಕ್ಕೂ ಕಾಂಕ್ರೀಟಿಗೂ ನಡುವೆ ಗ್ರೀಸ್ ಹಚ್ಚುತ್ತಾರೆ, ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಗೆ ಜೆಲ್ ಹಚ್ಚುವ ಹಾಗೆ. ಕೂದಲೆಳೆಯಷ್ಟು ಗಾಳಿ ಇದ್ದರೂ ಅಲೆ ಅಲ್ಲೇ ವಾಪಸ್.

ಕೆಲಸ ಆದ ಮೇಲೆ

ಸರಿಪಡಿಸುವ ಮೊದಲು ಮತ್ತು ಆಮೇಲೆ, ಫೋನನ್ನು ಅದೇ ಮೂಲೆಯಲ್ಲಿ ಅದೇ ರೀತಿ ಇಟ್ಟು ಸ್ಪೆಕ್ಟ್ರಮ್‌ನ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. 48ರ ಮೊನೆ ಎಷ್ಟು ಇಳಿಯಿತು ಅಂತ ಪಕ್ಕಪಕ್ಕ ಇಟ್ಟು ತೋರಿಸಿದರೆ ಮೀಟಿಂಗಿನಲ್ಲಿ ವಾದಕ್ಕೆ ಜಾಗ ಇರಲ್ಲ. ಯಾರಾದರೂ ಕಾನೂನು ಕೇಳಿದರೆ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್, ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಆದರೆ ಅದು ತಗ್ಗು ಸದ್ದಿಗೆ ಕಡಿಮೆ ತೂಕ ಕೊಡುವ ಅಳತೆ. 48 ಹರ್ಟ್ಜಿನ ಗುಂಯ್ ನಿದ್ದೆ ಕೆಡಿಸುತ್ತಿದ್ದರೂ ಮೀಟರ್ 35 ತೋರಿಸಬಹುದು, ಹಾಗಾಗಿ ಮೋಟರ್ ವಿಷಯದಲ್ಲಿ ಕಾನೂನಿಗಿಂತ ಸಮಯ ಬದಲಾಯಿಸೋದು ಬೇಗ ಆಗುವ ದಾರಿ. ರಾತ್ರಿ ಹನ್ನೊಂದರ ಬದಲು ಬೆಳಗ್ಗೆ ಏಳಕ್ಕೆ ಟ್ಯಾಂಕ್ ತುಂಬಿಸಲಿ ಅಂತ ಕೇಳಿ.

ವರ್ಷ ಕಳೆದ ಮೇಲೆ ಗುಂಯ್ ಮತ್ತೆ ಬಂದರೆ ಹೊಸದಾಗಿ ಹುಡುಕುವ ಮೊದಲು ಎರಡು ಜಾಗ ನೋಡಿ. ಮೋಟರ್‌ನ ಪ್ಯಾಡ್ ಬಿಸಿಲಿಗೆ ಒಣಗಿ ಗಟ್ಟಿಯಾಗಿದೆಯಾ ಅಂತ ಉಗುರಿನಲ್ಲಿ ಒತ್ತಿ ನೋಡಿ. ಆಮೇಲೆ ಡಕ್ಟಿನಲ್ಲಿ ಇಣುಕಿ, ಪೈಪ್ ರಿಪೇರಿಗೆ ಬಂದವರು ಕ್ಲಾಂಪಿನ ರಬ್ಬರನ್ನು ಕಿತ್ತೆಸೆದು ಕಬ್ಬಿಣಕ್ಕೆ ಕಬ್ಬಿಣ ಬಿಗಿದು ಹೋಗಿದ್ದಾರಾ ನೋಡಿ.